ಬಿಚ್ಚಿಟ್ಟ ಸೈಕಲ್ಲು

ಒಂದೇ ಸೈಕಲ್ ಇರುವ ಮನೆಯಲ್ಲಿ ರಿಪೇರಿಗೆ ಪುರಸೊತ್ತು ಸಿಗುವುದಿಲ್ಲ. ಬೆಳಿಗ್ಗೆ ಹಾಲು, ಹತ್ತಕ್ಕೆ ರಾಗಿ ಮಿಲ್ಲು, ಸಂಜೆ ಔಷಧಿ ಅಂಗಡಿ. ಇವುಗಳ ನಡುವೆ ಹಿಂದಿನ ಚಕ್ರ ಕಳಚಿ ವರಾಂಡದಲ್ಲಿ ಹರವಿಕೊಂಡು ಕೂತರೆ ಸಂಸಾರ ನಡೆದೀತೆ? ಆದ್ದರಿಂದ ಒಂದನ್ನು ನೆಮ್ಮದಿಯಾಗಿ ಬಿಚ್ಚಿಡಬೇಕಾದರೆ ಎರಡಿರಬೇಕು. ಬಿಚ್ಚಿಟ್ಟದ್ದಕ್ಕೆ ಎರಡನೆಯದರಿಂದ ಒಂದು ನಟ್ಟನ್ನೋ ಬ್ರೇಕಿನ ಸ್ಪ್ರಿಂಗನ್ನೋ ‘ಸದ್ಯಕ್ಕೆ ಇರಲಿ’ ಎಂದು ತೆಗೆದು ಹಾಕುತ್ತೇವೆ. ಆಗ ಎರಡೂ ಓಡದ ಸ್ಥಿತಿ ಬರುವುದರಿಂದ ಮೂರನೆಯದು ಬೇಕಾಗುತ್ತದೆ. ಮೂರನೆಯದಕ್ಕೆ ಪಂಚರಾದ ದಿನ ಬೀದಿಯಲ್ಲಿ ನಿಲ್ಲಬಾರದಲ್ಲ, ಅದಕ್ಕೆ ನಾಲ್ಕನೆಯದು. ಈ ತರ್ಕವನ್ನು ನಮ್ಮವರ ಮುಂದೆ ಮಂಡಿಸಿದಾಗ, ಆಡಿಟ್ ಕೆಲಸ ಮಾಡಿ ನಿವೃತ್ತರಾದ ಅವರು ಎಲ್ಲೂ ಆಕ್ಷೇಪಣೆ ಬರೆಯಲಾಗದೆ, ‘ಐದನೆಯದಕ್ಕೆ ಯಾವ ಕಾರಣ ಇಟ್ಕೊಂಡಿದ್ದೀಯಾ?’ ಎಂದಷ್ಟೇ ಕೇಳಿದರು. ಐದನೆಯದರ ಮಾತು ಆಮೇಲೆ.

ನಮ್ಮದು ಮೈಸೂರಿನ ಹಳೇ ಬಡಾವಣೆಯೊಂದರ ಮೂವತ್ತು-ನಲವತ್ತರ ಸೈಟಿನ ಮನೆ. ಅಟ್ಲಾಸು ವರಾಂಡದಲ್ಲಿ, ಬಿಎಸ್‌ಎ ಎಸ್‌ಎಲ್‌ಆರ್ ಮೆಟ್ಟಿಲ ಕೆಳಗೆ, ಗೇರ್ ಸೈಕಲ್ಲು ಪಾತ್ರೆ ತೊಳೆಯುವ ಜಾಗದ ಗೋಡೆಗೆ ಹೊಡೆದ ಕೊಕ್ಕೆಯಲ್ಲಿ. ರಾಲಿ ಮಾತ್ರ ನಡುಮನೆಯಲ್ಲಿ, ದಿವಾನದ ಹಿಂದೆ. ಬಂದ ನೆಂಟರು ‘ಯಾರದ್ದು ಈ ಸೈಕಲ್ಲು?’ ಎಂದು ನಮ್ಮವರನ್ನು ಕೇಳುತ್ತಾರೆ. ನನ್ನದು ಎಂದರೆ, ‘ಓ ಹಾಗಾ’ ಎಂದು ಮತ್ತೆ ಅವರ ಕಡೆಗೇ ತಿರುಗಿ ‘ಎಷ್ಟಾಯ್ತು?’ ಎನ್ನುತ್ತಾರೆ.

ಬ್ಯಾಂಕಿನ ಕೌಂಟರಿನಲ್ಲಿ ನೋಟೆಣಿಸಿದ ಬೆರಳಿಗೆ ಗ್ರೀಸು ಅಂಟಿದ್ದು ನಿವೃತ್ತಿಯ ನಂತರ. ಅದಕ್ಕೆ ಮೊದಲು ಸೈಕಲ್ ಹೊಡೆದಿರಲಿಲ್ಲವೆಂದಲ್ಲ. ಮಹಾರಾಣಿ ಕಾಲೇಜಿಗೆ ಹೋಗುವಾಗ ನಮಗೆಲ್ಲ ಲೇಡೀಸ್ ಸೈಕಲ್ಲು. ಅಡ್ಡ ಪೈಪಿಲ್ಲ, ಹಿಂದಿನ ಚಕ್ರಕ್ಕೆ ಲಂಗ, ಸೀರೆ ಸಿಕ್ಕಿಕೊಳ್ಳದ ಹಾಗೆ ದಾರದ ಬಲೆ. ಆದರೆ ಅದಕ್ಕೆ ಗಾಳಿ ಹೊಡೆಸಬೇಕಾದರೂ ಅಣ್ಣನೇ ಒಯ್ಯಬೇಕಿತ್ತು. ಸೈಕಲ್ ಷಾಪಿನ ಮುಂದೆ ಹೆಣ್ಣುಮಕ್ಕಳು ನಿಲ್ಲುವುದು ಚೆನ್ನಾಗಿ ಕಾಣುವುದಿಲ್ಲ ಎನ್ನುವ ಕಾಲ. ತುಳಿಯುವುದಕ್ಕೆ ಧಾರಾಳವಾಗಿ ಒಪ್ಪಿದ ಮನೆಯವರು ಬಿಚ್ಚುವುದಕ್ಕೆ ಒಪ್ಪಿರಲಿಲ್ಲ. ಬಿಚ್ಚಿ ನೋಡದ ಯಂತ್ರ ಎಷ್ಟು ವರ್ಷ ಮನೆಯಲ್ಲಿದ್ದರೂ ಬೇರೆಯವರದ್ದೇ ಎಂದು ನನಗೆ ಈಗ ಅನಿಸುತ್ತದೆ. ನಮ್ಮ ಫ್ರಿಜ್ಜು ಹಾಗೆಯೇ ನಮ್ಮ ಮನೆಯಲ್ಲಿ ಬಾಡಿಗೆಗೆ ಇದೆ.

ಮೊದಲು ಕೈಗೆ ಬಂದದ್ದು ಅಟ್ಲಾಸು. ನಮಗೆ ಹಾಲು ಹಾಕುತ್ತಿದ್ದವರು ಮೊಪೆಡ್ಡಿಗೆ ಬಡ್ತಿ ಪಡೆದು ಇದನ್ನು ಗುಜರಿಗೆ ಹಾಕಲು ಹೊರಟಿದ್ದರು. ಮೇಲೆ ಎರಡು ಅಡ್ಡ ಪೈಪು, ಹಿಂದೆ ಕ್ವಿಂಟಾಲು ತೂಕ ಹೇರಬಹುದೆನ್ನಿಸುವ ಕಬ್ಬಿಣದ ಕ್ಯಾರಿಯರ್ರು, ಎರಡೂ ಪಕ್ಕ ಹಾಲಿನ ಕ್ಯಾನು ಉಜ್ಜಿ ಉಜ್ಜಿ ಬಣ್ಣ ಹೋಗಿ ಹೊಳೆಯುವ ಪಟ್ಟಿಗಳು. ಬ್ರೇಕಿಗೆ ತಂತಿಯಿಲ್ಲ, ಎಲ್ಲ ಕಂಬಿಯದೇ. ಇಪ್ಪತ್ತು ಕೆಜಿಗೆ ಕಡಿಮೆಯಿಲ್ಲ. ಅಟ್ಲಾಸ್ ಕಂಪನಿ ಶುರುವಾದದ್ದು 1951ರಲ್ಲಿ, ಹರಿಯಾಣದ ಸೋನಿಪತ್ತಿನಲ್ಲಿ. ಅದರ ಸಾಹಿಬಾಬಾದಿನ ಕಾರ್ಖಾನೆ ಬಾಗಿಲು ಹಾಕಿದ ದಿನ 2020ರ ಜೂನ್ 3. ಜೂನ್ 3 ವಿಶ್ವ ಸೈಕಲ್ ದಿನ ಎಂದು ವಿಶ್ವಸಂಸ್ಥೆ ಗೊತ್ತು ಮಾಡಿ ಎರಡೇ ವರ್ಷವಾಗಿತ್ತು. ಕಾರ್ಖಾನೆ ಮುಚ್ಚಿದ ಸುದ್ದಿ ಓದಿದ ದಿನ ಅಟ್ಲಾಸಿನ ಹ್ಯಾಂಡಲಿನ ಕೆಳಗಿರುವ, ಭೂಗೋಳ ಹೊತ್ತ ಗಟ್ಟಿಗನ ಬಿಲ್ಲೆಯನ್ನು ಬ್ರಾಸ್ಸೋ ಹಾಕಿ ಉಜ್ಜಿದೆ. ಬೇರೆ ಏನು ಮಾಡಲಾಗುತ್ತದೆ?

ಇದರ ಮೇಲೆ ನಾನು ದೇವರಾಜ ಮಾರ್ಕೆಟ್ಟಿಗೆ ಹೋಗುತ್ತೇನೆ. ಚೂಡಿದಾರ್ ಹಾಕಿಕೊಂಡ ಅರವತ್ತು ದಾಟಿದ ಹೆಂಗಸು ಹಾಲಿನವರ ಸೈಕಲ್ ಏರಿ ಬಂದರೆ ಸಿಗ್ನಲಿನಲ್ಲಿ ಆಟೋದವರು ತಲೆ ಹೊರಗೆ ಹಾಕಿ ನೋಡುತ್ತಾರೆ. ನೋಡಲಿ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು. ಪೆಡಲ್ ಒಂದು ಸುತ್ತು ಬಂದರೆ ಗಾಡಿ ಸುಮಾರು ಐದೂವರೆ ಮೀಟರು ಮುಂದೆ ಹೋಗಬೇಕು. ಸಮ ನೆಲದಲ್ಲಿ ರಾಜಗಾಂಭೀರ್ಯ. ಏರು ಬಂತೆಂದರೆ ಇಳಿದು ತಳ್ಳುವುದೇ ಸರಿ. ತಳ್ಳುವಾಗ ಊರಿನವರೊಡನೆ ಮಾತಾಡಬಹುದು ಎನ್ನುವುದು ಈ ಸೈಕಲ್ಲಿನ ಒಂದು ಗೇರು. ಕ್ಯಾರಿಯರಿನಲ್ಲಿ ಹತ್ತು ಕೆಜಿ ಈರುಳ್ಳಿ ಇದ್ದಾಗಲೇ ಇದು ಸರಿಯಾಗಿ ನಡೆಯುತ್ತದೆ. ಖಾಲಿ ಇದ್ದರೆ ಮಡ್ಗಾರ್ಡಿನಿಂದ ಸ್ಟ್ಯಾಂಡಿನವರೆಗೆ ಎಲ್ಲವೂ ಗೊಣಗುತ್ತದೆ. ಹೀಗಾಗಿ ಇದರ ಸಲುವಾಗಿ ಕೆಲವು ಸಲ ಬೇಡದ ಕುಂಬಳಕಾಯಿ ಮನೆಗೆ ಬಂದದ್ದುಂಟು.

ರಾಲಿಯ ಮಾತು ಬೇರೆ. ಓದಲು ಇಂಗ್ಲೆಂಡಿಗೆ ಹೋಗಿದ್ದ ಪ್ರೊಫೆಸರೊಬ್ಬರು ಹಡಗಿನಲ್ಲಿ ತಂದದ್ದಂತೆ. ಅವರ ಮಗ ಮನೆ ಖಾಲಿ ಮಾಡುವಾಗ ಪುಸ್ತಕಗಳ ಜೊತೆ ಇದನ್ನೂ ಹೊರಗಿಟ್ಟಿದ್ದರು. ನಾಟಿಂಗ್‌ಹ್ಯಾಮಿನದು, ಹಿಂದಿನ ಹಬ್ಬಿನ ಮೇಲೆ ‘ಸ್ಟರ್ಮಿ-ಆರ್ಚರ್ ಎಡಬ್ಲ್ಯೂ’ ಎಂದೂ ಪಕ್ಕದಲ್ಲಿ 58 ಎಂದೂ ಅಚ್ಚಿದೆ. ಅದು 1958. ಸ್ಟರ್ಮಿ-ಆರ್ಚರ್ ಕಂಪನಿ ಮೂರು ಗೇರಿನ ಹಬ್ಬನ್ನು ಮಾರಲು ಶುರು ಮಾಡಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ; ಎಡಬ್ಲ್ಯೂ ಎನ್ನುವ ಮಾದರಿ 1930ರ ದಶಕದ್ದು. ಹೊರಗೆ ಏನೂ ಕಾಣುವುದಿಲ್ಲ. ಒಂದೇ ಚೈನು, ಹಿಂದೆ ಒಂದೇ ಹಲ್ಲುಗಾಲಿ, ಮುಷ್ಟಿಗಾತ್ರದ ಹಬ್ಬು, ಅದರ ಬಲತುದಿಯಿಂದ ಹೊರಬರುವ ತೆಳ್ಳನೆಯ ಸರಪಳಿ. ಅದನ್ನೆಳೆದರೆ ಒಳಗೆ ಗೇರು ಬದಲಾಗುತ್ತದೆ.

ಆ ‘ಒಳಗೆ’ ಏನಿದೆ ಎಂದು ನೋಡುವ ತನಕ ನನಗೆ ನಿದ್ದೆ ಹತ್ತಲಿಲ್ಲ. ಬಿಳಿ ಪಂಚೆ ಹಾಸಿ, ತೆಗೆದ ಕ್ರಮದಲ್ಲಿಯೇ ಒಂದೊಂದನ್ನೂ ಎಡದಿಂದ ಬಲಕ್ಕೆ ಜೋಡಿಸುತ್ತ ಹೋದೆ. ನಡುವೆ ಅಚ್ಚಿಗೇ ಕೊರೆದ 20 ಹಲ್ಲಿನ ಗಾಲಿ. ಅದು ತಿರುಗುವುದೇ ಇಲ್ಲ, ಹೆಸರು ಸೂರ್ಯ. ಅದರ ಸುತ್ತ ಓಡುವ ನಾಲ್ಕು ಪುಟ್ಟ ಗಾಲಿಗಳು ಗ್ರಹಗಳು, ಅವಕ್ಕೂ ಇಪ್ಪತ್ತಿಪ್ಪತ್ತು ಹಲ್ಲು. ಎಲ್ಲವನ್ನೂ ಸುತ್ತುವರಿದ ಬಳೆಯ ಒಳಮೈಗೆ 60 ಹಲ್ಲು. ಚೈನಿನ ಶಕ್ತಿಯನ್ನು ಬಳೆಗೆ ಕೊಟ್ಟು ಗ್ರಹಗಳ ಚೌಕಟ್ಟಿನಿಂದ ತೆಗೆದುಕೊಂಡರೆ ಚಕ್ರ ನಿಧಾನ: ನಾಲ್ಕರಲ್ಲಿ ಮೂರು ಪಾಲು. ತಿರುಗಿಸಿ, ಗ್ರಹಗಳಿಗೆ ಕೊಟ್ಟು ಬಳೆಯಿಂದ ತೆಗೆದುಕೊಂಡರೆ ವೇಗ: ಮೂರರಲ್ಲಿ ಒಂದು ಪಾಲು ಹೆಚ್ಚು. ನಡುವಿನದು ನೇರ, ಕೊಟ್ಟಷ್ಟೇ ತೆಗೆದುಕೊಳ್ಳುವುದು. 20ಕ್ಕೂ 60ಕ್ಕೂ ಇರುವ ಸಂಬಂಧ ಬಿಟ್ಟರೆ ಇದರಲ್ಲಿ ಬೇರೆ ಗುಟ್ಟೇ ಇಲ್ಲ. ಬ್ಯಾಂಕಿನಲ್ಲಿ ನಾನು ಕಂಡ ಯಾವ ಲೆಡ್ಜರೂ ಇಷ್ಟು ಚೆನ್ನಾಗಿ ತಾಳೆಯಾಗಿರಲಿಲ್ಲ.

ಗೇರು ಹಾಕಿದಾಗಿನ ಸದ್ದನ್ನಂತೂ ಕೇಳಿಯೇ ತಿಳಿಯಬೇಕು. ಎರಡು ಮತ್ತು ಮೂರನೆಯ ಗೇರಿನಲ್ಲಿ ಹಬ್ಬು ಟಿಕ್ ಟಿಕ್ ಎನ್ನುತ್ತಿರುತ್ತದೆ. ಒಳಗೆ, ಮೊದಲ ಗೇರಿಗೆ ಮೀಸಲಾದ ಪುಟ್ಟ ನಾಲಗೆಗಳು ಕೆಲಸವಿಲ್ಲದೆ ಹಲ್ಲುಗಳ ಮೇಲೆ ಹಾರುತ್ತ ಹೋಗುವ ಸದ್ದು ಅದು. ಏರಿನಲ್ಲಿ ಮೊದಲ ಗೇರಿಗೆ ಇಳಿಸಿದ ಕೂಡಲೇ ನಾಲಗೆಗಳು ಕಚ್ಚಿಕೊಂಡು ಹಬ್ಬು ಮೌನವಾಗುತ್ತದೆ. ಅಂದರೆ ನಾವು ಏದುಸಿರು ಬಿಡುವಾಗ ಅದು ಮಾತಾಡುವುದಿಲ್ಲ. ಎರಡು-ಮೂರರ ನಡುವೆ ಒಂದು ತ್ರಿಶಂಕು ಸ್ಥಾನವೂ ಇದೆ. ಅಲ್ಲಿ ಯಾವ ಗೇರೂ ಇಲ್ಲ. ತಂತಿ ಕೂದಲೆಳೆಯಷ್ಟು ಸಡಿಲವಾದರೂ ಸಾಕು, ಎದ್ದು ನಿಂತು ತುಳಿಯುತ್ತಿದ್ದಾಗ ಪೆಡಲು ಕಾಲ ಕೆಳಗಿನಿಂದ ಸುಮ್ಮನೆ ಜಾರಿಹೋಗುತ್ತದೆ. ಈ ಹಬ್ಬಿಗೆ ಅಂಟಿದ ಒಂದೇ ಅಪಖ್ಯಾತಿ ಅದು. ತಂತಿಯನ್ನು ಹದಕ್ಕೆ ತಂದಿಟ್ಟರೆ ತಾನಾಗಿ ಸುಮ್ಮನಿರುತ್ತದೆ. ಹಬ್ಬಿನ ಮೈಮೇಲೆ ಪುಟ್ಟ ಮುಚ್ಚಳದ ಎಣ್ಣೆಗಂಡಿಯಿದೆ. ತಿಂಗಳಿಗೊಮ್ಮೆ ನಾಲ್ಕು ಹನಿ. ಮೈಸೂರಿನಲ್ಲಿ ಬಹಳ ಮಂದಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಾಕುತ್ತಾರೆ. ಕೂದಲಿಗೆ ಒಳ್ಳೆಯದು. ಸೈಕಲ್ಲಿಗೆ ಹಾಕಿದರೆ ಕೆಲವೇ ವಾರದಲ್ಲಿ ಅಂಟುಗಟ್ಟಿ, ದೂಳು ಕೂಡಿ, ಕರೀ ಗೋಂದಾಗುತ್ತದೆ. ನಾನು ಹೊಲಿಗೆ ಮಿಷನ್ನಿನ ಎಣ್ಣೆಯನ್ನೇ ಹಾಕುವುದು.

ಮೆಟ್ಟಿಲ ಕೆಳಗಿನ ಎಸ್‌ಎಲ್‌ಆರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1980ರ ದಶಕದಲ್ಲಿ ಕಾಲೇಜು ಹುಡುಗರ ಕನಸಿನಲ್ಲಿ ಬರುತ್ತಿದ್ದ ಸೈಕಲ್ಲು. ನನ್ನ ಮೈದುನ ಅದನ್ನು ಕೊಂಡು ಮದುವೆಯಾದ ಮೇಲೆ ಮರೆತದ್ದು. ಹಗುರ, ಚುರುಕು, ನೋಡಲು ಲಕ್ಷಣ. ಮಳೆಯಲ್ಲಿ ಮಾತ್ರ ಬ್ರೇಕಿಗೆ ದೇವರೇ ದಿಕ್ಕು. ಕ್ರೋಮು ಹಾಕಿದ ಸ್ಟೀಲ್ ರಿಮ್ಮು ಒದ್ದೆಯಾದರೆ ಬ್ರೇಕ್ ರಬ್ಬರು ಅದರ ಮೇಲೆ ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ಜೂನಿನಿಂದ ಅಕ್ಟೋಬರಿನವರೆಗೆ ಇದಕ್ಕೆ ರಜೆ.

ಸವಾರಿ ಎಂದರೆ ನನಗೆ ಅರ್ಧ ಕಿವಿಯ ಕೆಲಸ. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಯ ಪಕ್ಕದ ರಸ್ತೆ ಹಿಡಿದರೆ ವಾಹನಗಳ ಗಲಾಟೆ ಇನ್ನೂ ಶುರುವಾಗಿರುವುದಿಲ್ಲ. ಸೈಕಲ್ಲಿನಲ್ಲಿ ಹೊಸದಾಗಿ ಏನೋ ‘ಕಟ್’ ಎಂದರೆ ಮೊದಲು ಎಣಿಸಬೇಕು. ಪೆಡಲಿನ ಒಂದು ಸುತ್ತಿಗೆ ಒಮ್ಮೆ ಬರುತ್ತಿದ್ದರೆ ದೋಷ ಪೆಡಲಿನಲ್ಲಿ, ಕ್ರ್ಯಾಂಕಿನಲ್ಲಿ, ಕಾಟರ್‌ಪಿನ್ನಿನಲ್ಲಿ ಅಥವಾ ಬಿಬಿಯಲ್ಲಿ, ಅಂದರೆ ಕ್ರ್ಯಾಂಕಿನ ಅಚ್ಚು ಕೂರುವ ಬಾಟಂ ಬ್ರ್ಯಾಕೆಟ್ಟಿನಲ್ಲಿ. ತುಳಿಯುವುದನ್ನು ನಿಲ್ಲಿಸಿ ಗಾಡಿಯನ್ನು ತಾನಾಗಿ ಓಡಲು ಬಿಟ್ಟಾಗಲೂ ಬರುತ್ತಿದ್ದರೆ ಚಕ್ರದ್ದು: ಕಡ್ಡಿಯೊಂದು ಸಡಿಲವಾಗಿರಬಹುದು, ಟಯರು ಎಲ್ಲೋ ಉಬ್ಬಿರಬಹುದು. ಇವೆರಡಕ್ಕೂ ಹೊಂದದೆ ಎರಡೂವರೆ ಪೆಡಲು ಸುತ್ತಿಗೊಮ್ಮೆ ಬಂದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿದುಕೊಂಡಿದೆ. ನೂರಹನ್ನೆರಡು ಕೊಂಡಿಯ ಚೈನು 44 ಹಲ್ಲಿನ ಮೇಲೆ ಪೂರ್ತಿ ಒಂದು ಸುತ್ತು ಬರಲು ಅಷ್ಟು ಬೇಕು. ಸೀಟಿನಿಂದ ಎದ್ದ ಕೂಡಲೇ ನಿಂತುಹೋದರೆ ಸೀಟಿನ ಸ್ಪ್ರಿಂಗು, ಇನ್ನೇನೂ ಬಿಚ್ಚಬೇಕಾಗಿಲ್ಲ. ಕಬ್ಬಿಣದ ಪೈಪುಗಳೊಳಗೆ ಸದ್ದು ಓಡಾಡುವುದರಿಂದ ಹ್ಯಾಂಡಲಿನದ್ದು ಸೀಟಿನ ಕೆಳಗೆ ಕೇಳುವುದೂ ಉಂಟು. ಕಿವಿಯನ್ನು ಪೂರ್ತಿ ನಂಬಬಾರದು, ಲೆಕ್ಕವನ್ನು ನಂಬಬೇಕು. ವಾಕಿಂಗಿಗೆ ಬಂದ ಪರಿಚಯದವರು ‘ಏನ್ರೀ, ಮಾತಾಡಿಸಿದ್ರೂ ನೋಡ್ಲೇ ಇಲ್ಲ’ ಎಂದು ನಮ್ಮವರಲ್ಲಿ ದೂರಿದ್ದಾರೆ. ಅವರಿಗೆ ಹೇಗೆ ವಿವರಿಸುವುದು, ಆಗ ನಾನು ಎರಡೂವರೆಯ ಮಗ್ಗಿ ಹೇಳುತ್ತಿದ್ದೆ ಎಂದು?

ಕಾಟರ್‌ಪಿನ್ ವಿದ್ಯೆಯನ್ನು ಹೇಳಿಕೊಟ್ಟವರು ಲಷ್ಕರ್ ಮೊಹಲ್ಲಾದ ಕಡೆ ಗಲ್ಲಿಯೊಂದರಲ್ಲಿ ಷಾಪಿಟ್ಟಿರುವ ಸಾಬರು. ಗೋಡೆಗೆ ಹಳೇ ಟಯರುಗಳು, ಪಂಚರ್ ನೋಡುವ ನೀರಿನ ಬಾಣಲಿ, ಒಂದು ಕಾಲದಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ಹೋಗುತ್ತಿದ್ದ ಸೈಕಲ್ಲುಗಳ ಪೈಕಿ ಉಳಿದ ಎರಡು. ಮೊದಲ ಸಲ ಕೋನ್ ಸ್ಪ್ಯಾನರ್ ಕೇಳಿಕೊಂಡು ಹೋದಾಗ ಅವರು, ‘ಯಜಮಾನ್ರನ್ನ ಕಳಿಸಿ ಮೇಡಂ, ಸೈಜು ಗೊತ್ತಾಗ್ಬೇಕು’ ಎಂದರು.

‘ಯಜಮಾನ್ರಿಗೆ ಸ್ಪ್ಯಾನರ್ ಹಿಡಿಯೋದು ಯಾವ ತುದಿ ಅಂತಾನೂ ಗೊತ್ತಿಲ್ಲ ಸಾಬ್ರೇ. ಹಿಂದಿನ ಹಬ್ಬಿಗೆ, ಕಾಲಿಂಚಿನ ಗುಂಡು, ಪಕ್ಕಕ್ಕೆ ಒಂಬತ್ತು. ಅದರ ಕೋನಿಗೆ ಬೇಕು.’

ಅವರು ಒಂದು ಗಳಿಗೆ ನನ್ನನ್ನೇ ನೋಡಿ ಸ್ಟೂಲು ಎಳೆದು ಹಾಕಿದರು. ಅವತ್ತಿನಿಂದ ಮೇಡಂ ಹೋಗಿ ಅಕ್ಕ ಆದೆ. ಕಾಟರ್‌ಪಿನ್ ಎಂದರೆ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಓರೆಯ ಗೂಟ. ಒಂದು ಬದಿ ಅರ ಹಾಕಿ ಚಪ್ಪಟೆ ಮಾಡಿರುತ್ತಾರೆ. ಎಡಬಲದ ಪಿನ್ನುಗಳು ಎದುರುಬದುರು ದಿಕ್ಕಿನಿಂದ ಹೋಗದಿದ್ದರೆ ಪೆಡಲುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ತುಳಿದರೆ ಕುಂಟಿದ ಹಾಗಾಗುತ್ತದೆ. ಅದನ್ನು ತೆಗೆಯುವುದೇ ಕಷ್ಟ. ‘ಕ್ರ್ಯಾಂಕಿನ ಕೆಳಗೆ ಪೈಪ್ ತುಂಡು ಕೊಟ್ಟು ಒಂದೇ ಏಟು ಅಕ್ಕಾ. ಹೆದರ್ಕೊಂಡು ಹತ್ತು ಸಲ ತಟ್ಟಿದ್ರೆ ಥ್ರೆಡ್ಡು ಅರಳ್ಕೊಂಡು ಕೂತ್ಬಿಡುತ್ತೆ, ಆಮೇಲೆ ಡ್ರಿಲ್ಲೇ ಗತಿ.’ ಅವರ ಮಕ್ಕಳು ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಷಾಪಿಗೆ ಈಗ ಬರುವವರು ಪೇಪರ್ ಹಾಕುವ ಹುಡುಗರು, ಸೊಪ್ಪಿನವರು, ನಾನು.

ವಾಲ್‌ಟ್ಯೂಬ್ ಅವರಲ್ಲಿ ಈಗಲೂ ಮಾರಿನ ಲೆಕ್ಕದಲ್ಲಿ ಸುರುಳಿಯಾಗಿ ಇದೆ. ಬೆರಳುದ್ದ ಕತ್ತರಿಸಿ, ಎಂಜಲು ಹಚ್ಚಿ ವಾಲಿನ ಪಿನ್ನಿಗೆ ತೊಡಿಸಿದರೆ ಒಳಗೆ ಹೋದ ಗಾಳಿ ಹೊರಗೆ ಬರುವುದಿಲ್ಲ. ಗೇರ್ ಸೈಕಲ್ಲಿನ ಹುಡುಗರಿಗೆ ಈ ರಬ್ಬರು ನಳಿಗೆಯನ್ನು ತೋರಿಸಿದರೆ ನಂಬುವುದೇ ಇಲ್ಲ. ಎಂಟಾಣೆಯ ಈ ಚೂರಿನ ಮೇಲೆ ಹಾಲು, ಪೇಪರು, ಟಪಾಲು, ಅಂದರೆ ನಾಡಿನ ಇಡೀ ಬೆಳಗಿನ ಹೊತ್ತು ಓಡಿದೆ.

ಆದರೆ ರಾಲಿಯ ಬಿಬಿ ಕಪ್ಪಿನ ವಿಷಯದಲ್ಲಿ ಸಾಬರೂ ಕೈಚೆಲ್ಲಿದರು. ಬೇರೆ ಇಂಗ್ಲಿಷ್ ಮಾದರಿಯ ಸೈಕಲ್ಲುಗಳಿಗೆಲ್ಲ ಆ ಜಾಗದ ಥ್ರೆಡ್ಡು ಇಂಚಿಗೆ 24. ರಾಲಿಯವರು ಮಾತ್ರ ಇಂಚಿಗೆ 26 ಇಟ್ಟುಕೊಂಡರು. ಬೇರೆಯವರ ಬಿಡಿಭಾಗ ನಮ್ಮದಕ್ಕೆ ಕೂರಬಾರದು ಎನ್ನುವ ದೊಡ್ಡ ಮನೆತನದ ಜಂಬವಲ್ಲದೆ ನನಗೆ ಬೇರೆ ಕಾರಣ ತೋಚಿಲ್ಲ. ಮಾರ್ಕೆಟ್ಟಿನಲ್ಲಿ ಸಿಗುವ ಕಪ್ಪನ್ನು ಹಾಕಿದರೆ ಎರಡು ಸುತ್ತು ಸಲೀಸಾಗಿ ಒಳಗೆ ಹೋಗಿ ಮೂರನೆಯದಕ್ಕೆ ಹಟ ಹಿಡಿಯುತ್ತದೆ. ಬಲವಂತ ಮಾಡಿದರೆ ಫ್ರೇಮಿನ ಥ್ರೆಡ್ಡೇ ಹೋಗುತ್ತದೆ. ರಾಲಿಯ ಹಳೇ ಕಪ್ಪಿನಲ್ಲಿ ಗುಂಡುಗಳು ಓಡಿ ಓಡಿ ಗುಳಿ ಬಿದ್ದಿದೆ. ಗುಂಡು ಹೊಸದು ಹಾಕಿ, ಗ್ರೀಸು ತುಂಬಿ, ಸದ್ಯಕ್ಕೆ ದಿನ ದೂಡುತ್ತಿದ್ದೇನೆ. ಟಯರಿನ ಚಿಂತೆಯಿಲ್ಲ. ಹಾಲಿನವರ ಸೈಕಲ್ಲಿಗೂ ರಾಲಿಗೂ ಒಂದೇ ಅಳತೆ, 28ಕ್ಕೆ ಒಂದೂವರೆ. ನಮ್ಮಲ್ಲಿ ತಾಲ್ಲೂಕು ಪೇಟೆಯಲ್ಲೂ ಸಿಗುತ್ತದೆ.

ನನಗೆ ಅತ್ಯಂತ ಇಷ್ಟದ ಕೆಲಸ ಚಕ್ರದ ಬೆಂಡ್ ತೆಗೆಯುವುದು. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ ಚಕ್ರ ತಿರುಗಿಸಿದರೆ ರಿಮ್ಮು ಬ್ರೇಕಿನ ಕಡೆಗೆ ಎಲ್ಲಿ ವಾಲುತ್ತದೆ ಎಂದು ಕಾಣುತ್ತದೆ. ಅಲ್ಲಿ ಎದುರು ಪಕ್ಕದ ನಿಪ್ಪಲನ್ನು ಕಾಲು ಸುತ್ತು ಬಿಗಿ, ಈ ಪಕ್ಕದ್ದನ್ನು ಕಾಲು ಸುತ್ತು ಸಡಿಲ. ಅರ್ಧ ಸುತ್ತು ತಿರುಗಿಸುವ ಆತುರದವರು ಈ ಕೆಲಸಕ್ಕೆ ಬರಬಾರದು. ಒಂದು ಕಡ್ಡಿಯ ಬಿಗಿ ಅಕ್ಕಪಕ್ಕದ ಎಲ್ಲ ಕಡ್ಡಿಗಳಿಗೂ ತಿಳಿಯುತ್ತದೆ. ಇಲ್ಲಿ ಸರಿಮಾಡಿದ್ದು ಅಲ್ಲಿ ತಲೆಯೆತ್ತುತ್ತದೆ. ಕಣ್ಣಿನ ಕೆಲಸ ಮುಗಿದ ಮೇಲೆ ಉಗುರಿನಿಂದ ಒಂದೊಂದನ್ನೂ ಮೀಟುತ್ತ ಹೋಗಬೇಕು. ತಂಬೂರಿ ಶ್ರುತಿ ಮಾಡುವಾಗ ಬಿರಡೆ ತಿರುಗಿಸಿ ಕಿವಿಗೊಡುವ ಹಾಗೆ, ಒಂದೇ ಪಕ್ಕದ ಕಡ್ಡಿಗಳು ಒಂದೇ ಸ್ವರಕ್ಕೆ ಬರುವ ತನಕ. ಸಡಿಲವಾದದ್ದು ‘ದುಬ್’ ಎನ್ನುತ್ತದೆ. ನಮ್ಮನ್ನೆಲ್ಲ ಹೊತ್ತಿರುವುದು ಮೇಲಿನ ಕಡ್ಡಿಗಳು, ಹಬ್ಬು ಅವಕ್ಕೆ ನೇತುಬಿದ್ದಿದೆ ಎಂದು ಬಹಳ ಕಾಲ ನಂಬಿದ್ದೆ. ಎಂಜಿನಿಯರುಗಳು ಅಳೆದು ಹೇಳುವುದು ಬೇರೆ. ಭಾರ ಬಿದ್ದಾಗ ನೆಲದ ಕಡೆಯ ಕೆಲವು ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ, ಮೇಲಿನವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಇರುವುದಿಲ್ಲ. ಮೊದಲೇ ಎಳೆದು ಬಿಗಿದದ್ದರಿಂದ ಮಾತ್ರ ಅಷ್ಟು ಸಣ್ಣ ತಂತಿ ಒತ್ತಡವನ್ನು ತಾಳುತ್ತದೆ. ಹೀಗಾಗಿ ಎಂಟು ತಿಂಗಳಿಗೊಮ್ಮೆ ಮುರಿಯುವ ಕಡ್ಡಿ ಭಾರಕ್ಕಲ್ಲ, ಸಡಿಲಕ್ಕೆ ಮುರಿದದ್ದು. ಪ್ರತಿ ಸುತ್ತಿನಲ್ಲೂ ಬಿಗಿದು ಸಡಿಲಾಗಿ, ಬಿಗಿದು ಸಡಿಲಾಗಿ ದಣಿದದ್ದು.

ಗೋಡೆಯ ಕೊಕ್ಕೆಯಲ್ಲಿರುವುದು ಮಗ ಕೊಡಿಸಿದ ಗೇರ್ ಸೈಕಲ್ಲು. ಅಲ್ಯೂಮಿನಿಯಂ ಮೈ, ಮುಂದೆ ಮೂರು, ಹಿಂದೆ ಏಳು, ಒಟ್ಟು 21 ಗೇರು. ಈ 21ರಲ್ಲಿ ಚೈನು ಓರೆಯಾಗುವ ಕೆಲವನ್ನು ಹಾಕಲೇಬಾರದು, ಇನ್ನು ಕೆಲವು ಒಂದೇ ವೇಗದ ಎರಡು ಹೆಸರುಗಳು. ಹತ್ತಿಪ್ಪತ್ತು ರೇಷ್ಮೆ ಸೀರೆಯಿದ್ದೂ ಉಡುವುದು ನಾಲ್ಕೇ ಅಲ್ಲವೇ ಎಂದು ಮಗ ಕೇಳಿದ; ಅದಕ್ಕೆ ಉತ್ತರ ಕೊಡಲಿಲ್ಲ. ಆದರೆ ನ್ಯಾಯವಾಗಿ ಹೇಳಬೇಕು. 1921ರಲ್ಲಿ ಜಪಾನಿನ ಸಾಕಾಯಿ ಊರಿನಲ್ಲಿ ಫ್ರೀವೀಲು ಮಾಡುತ್ತ ಶುರುವಾದ ಶಿಮಾನೊ ಕಂಪನಿ 1984ರಲ್ಲಿ, ಒಂದು ಕ್ಲಿಕ್ಕಿಗೆ ಒಂದು ಗೇರು ಖಚಿತವಾಗಿ ಬೀಳುವ ವ್ಯವಸ್ಥೆ ತಂದಿತು. ಅದಿಲ್ಲದಿದ್ದರೆ ಈ ವಯಸ್ಸಿನಲ್ಲಿ ಚಾಮುಂಡಿ ಬೆಟ್ಟದ ರಸ್ತೆಯನ್ನು ಇಳಿಯದೆ ಹತ್ತುವ ಮಾತೇ ಇರಲಿಲ್ಲ. ಊರಿನಿಂದ ಹತ್ತಿರ ಹತ್ತಿರ 300 ಮೀಟರ್ ಎತ್ತರ. ಮೊದಲ ತಿರುವಿನಲ್ಲಿ ಬೈದುಕೊಳ್ಳುತ್ತೇನೆ, ಊರು ಕಾಣುವ ಕಡೆ ನಿಂತು ನೀರು ಕುಡಿಯುತ್ತೇನೆ, ಅಲ್ಲಿಂದ ಮೇಲೆ ತಾಯಿಯ ದಯೆ ಮತ್ತು ಜಪಾನಿನ ದಯೆ. ನನಗೆ ಇದರ ಮೇಲಿರುವ ಆಕ್ಷೇಪ ಒಂದೇ. ಹಿಂದಿನ ಗೇರಿನ ತೋಳು ನೇತಾಡುವ ಕಿವಿ ಮೆತ್ತನೆಯ ಲೋಹದ್ದು. ಸೈಕಲ್ಲು ಒಮ್ಮೆ ಬಲಕ್ಕೆ ಮಗುಚಿ ಬಿದ್ದರೂ ಬಗ್ಗುತ್ತದೆ, ಆಮೇಲೆ ಇಪ್ಪತ್ತೊಂದೂ ಅಪಸ್ವರ. ಹೊಸ ಕಿವಿ ತರಿಸಲು ಹೋದರೆ, ಅಂಗಡಿಯವರು ‘ಈ ಮಾಡೆಲ್ ನಿಂತ್ಹೋಯ್ತು ಮೇಡಂ, ಹೊಸ ಸೈಕಲ್ ನೋಡಿ’ ಎಂದರು. 1958ರ ಹಬ್ಬಿನ ಒಳಭಾಗಗಳನ್ನು ಈಗಲೂ ಹುಡುಕಿ ತರಿಸಬಹುದು. ಆರು ವರ್ಷದ ಹಿಂದಿನದಕ್ಕೆ ಇಲ್ಲ.

ರಸ್ತೆಗಳ ಬಗ್ಗೆ ದೂರುವುದು ನಮ್ಮ ಊರಿನಲ್ಲಿ ಪೆನ್ಷನ್ನಿನ ಜೊತೆ ಬರುವ ಹಕ್ಕು, ಆದರೂ ಚುಟುಕಾಗಿ ಮುಗಿಸುತ್ತೇನೆ. 2017ರ ಜೂನಿನಲ್ಲಿ ಮೈಸೂರಿಗೆ ‘ಟ್ರಿಣ್ ಟ್ರಿಣ್’ ಬಂತು: ಒಂದು ನಿಲ್ದಾಣದಲ್ಲಿ ಸೈಕಲ್ ಎತ್ತಿಕೊಂಡು ಇನ್ನೊಂದರಲ್ಲಿ ಬಿಡುವ ವ್ಯವಸ್ಥೆ, 450 ಸೈಕಲ್ಲುಗಳೊಂದಿಗೆ. ಪ್ರವಾಸಿಗರ ಜೊತೆ ಆಫೀಸಿಗೆ ಹೋಗುವವರೂ ಅವನ್ನು ಹತ್ತಿದರು. ನಡುವಯಸ್ಸಿನ ಎಷ್ಟೋ ಜನ ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಪೆಡಲು ತುಳಿದು ಅಳುಕುತ್ತ ನಗುತ್ತ ಹೋಗುವುದನ್ನು ನೋಡಿದ್ದೇನೆ. ಇನ್ನೊಂದು ಕಡೆ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಆ ವೇಗದ ನಡುವೆ ನಮಗೂ ಹೋಗುವ ಆಸೆಯಿಲ್ಲ. ಶ್ರೀರಂಗಪಟ್ಟಣಕ್ಕೆ ಸರ್ವಿಸ್ ರಸ್ತೆಯಲ್ಲಿ ಹೋದರೆ ಎಳನೀರಿನವರೂ ಸಿಗುತ್ತಾರೆ.

ಈಚೆಗೆ ನನ್ನ ವರಾಂಡಕ್ಕೆ ಒಬ್ಬ ಶಿಷ್ಯೆ ಸೇರಿದ್ದಾಳೆ. ಹಿಂದಿನ ಬೀದಿಯ ಹುಡುಗಿ, ಹತ್ತನೇ ಕ್ಲಾಸು. ಅವಳು ಹತ್ತುವುದು ಅಕ್ಕನಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯವರಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006-07ರಲ್ಲಿ. ಕೋವಿಡ್ ಕಾಲದಲ್ಲಿ ನಿಂತಿತು, ಇವಳ ಪಾಲಿಗೆ ಬರಲಿಲ್ಲ. ಯೋಜನೆ ನಡೆಯುತ್ತಿದ್ದ ವರ್ಷಗಳಲ್ಲಿ ಹಳ್ಳಿ ರಸ್ತೆಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಜಡೆ ಹಾಕಿದ ಹುಡುಗಿಯರ ಸಾಲು ಸಾಲು ಸೈಕಲ್ಲು ಕಂಡವರು ಅದನ್ನು ಮರೆಯುವುದಿಲ್ಲ. ಹೈಸ್ಕೂಲು ಐದು ಕಿಲೋಮೀಟರು ದೂರವಿದ್ದರೆ ಓದು ಬಿಡಿಸುತ್ತಿದ್ದ ಮನೆಗಳಿಗೆ ಅದೊಂದು ನೆಪವನ್ನು ಇಲ್ಲವಾಗಿಸಿತು. ಸರ್ಕಾರ ಸೈಕಲ್ಲಿನ ಜೊತೆ ಒಂದು ಸ್ಪ್ಯಾನರನ್ನೂ ಕೊಟ್ಟು, ವಾರಕ್ಕೊಂದು ಪೀರಿಯಡ್ಡು ಬಿಚ್ಚಿ ಜೋಡಿಸಲು ಇಟ್ಟಿದ್ದರೆ ಚೆನ್ನಾಗಿತ್ತು. ಹೊಸ ಸೈಕಲ್ಲಿನ ಕಡ್ಡಿಗಳು ಮೊದಲ ಕೆಲವು ವಾರ ಓಡಿದ ಮೇಲೆ ಸಡಿಲಾಗುತ್ತವೆ. ಆಗ ಒಮ್ಮೆ ಬಿಗಿದರೆ ವರ್ಷಗಟ್ಟಲೆ ಬರುತ್ತದೆ, ಇಲ್ಲದಿದ್ದರೆ ಶಾಲೆಯ ಗೋಡೆಗೆ ಒರಗುತ್ತದೆ.

ಹುಡುಗಿ ಮೊದಲು ಬಂದದ್ದು ಚೈನು ಬೀಳುತ್ತದೆ ಎಂದು. ಒಂದಡಿಯ ಸ್ಕೇಲು ಕೊಟ್ಟು ಚೈನಿನ ಮೇಲೆ ಇಡಲು ಹೇಳಿದೆ. ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ ಒಂದಡಿ; ಅವಳದು ಎಂಟನೇ ಒಂದು ಇಂಚು ಮೀರಿತ್ತು. ‘ಅಂದ್ರೆ ಕಬ್ಬಿಣ ಉದ್ದ ಆಯ್ತಾ ಆಂಟಿ?’ ಎಂದಳು. ಕಬ್ಬಿಣವಲ್ಲ, ಪಿನ್ನು ಸವೆದು ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಜಾಗವಾಗಿದೆ, ಎಲ್ಲ ಕೂಡಿ ಅಷ್ಟಾಗಿದೆ ಎಂದೆ. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ಬೀದಿಯಲ್ಲಿ ನಿಂತಿದ್ದ ಎಲ್ಲರ ಚೈನನ್ನೂ ಅಳೆದು ಬಂದಳು. ಮುಂದಿನ ವಾರ ಹಬ್ಬು ಬಿಚ್ಚಿದಳು. ಹದಿನೆಂಟು ಗುಂಡಿನಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಉರುಳಿತು. ತೆಂಗಿನ ಗರಿಯ ಕಡ್ಡಿ ಹಿಡಿದು ಮುಕ್ಕಾಲು ಗಂಟೆ ಬೋರಲು ಮಲಗಿ ಅದನ್ನೇ ತೆಗೆದಳು. ನನ್ನ ಡಬ್ಬಿಯಲ್ಲಿ ಬೇರೆ ಗುಂಡಿದ್ದವು, ಕೊಡಲು ಹೋದೆ. ‘ಇದು ನಂದು’ ಎಂದಳು. ಅವಳಮ್ಮ ಕಾಂಪೌಂಡಿನ ಆಚೆಯಿಂದ, ‘ಇವಳ ಕೈ ನೋಡಿ ಹೇಗಾಗಿದೆ, ಮದುವೆ ಮನೆಗೆ ಹೋಗ್ಬೇಕು ನಾಳೆ’ ಎಂದರು. ಒಂದು ಚಮಚ ಸಕ್ಕರೆ, ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿಕೊಂಡರೆ ಗ್ರೀಸು ಹೋಗುತ್ತದೆ. ಕೊಬ್ಬರಿ ಎಣ್ಣೆಗೆ ಸೈಕಲ್ಲಿನ ಹತ್ತಿರ ಇರುವ ಒಂದೇ ಕೆಲಸ ಇದು.

ಐದನೆಯದನ್ನು ಪತ್ತೆ ಮಾಡಿದ್ದು ಅವಳೇ. ಬನ್ನೂರಿನ ಕಡೆ ಅವಳ ಸೋದರಮಾವನ ಊರಿನ ಅಕ್ಕಿ ಗಿರಣಿಯಲ್ಲಿ, ಹೊಟ್ಟಿನ ಮೂಟೆಗಳ ಹಿಂದೆ ಒಂದು ಲೇಡೀಸ್ ಸೈಕಲ್ಲು ನಿಂತಿದೆಯಂತೆ. ಹ್ಯಾಂಡಲಿನ ಕೆಳಗಿನ ಬಿಲ್ಲೆಯ ಫೋಟೋ ತೆಗೆದು ತಂದಳು. ದೂಳಿನ ಒಳಗೆ ಕೊಕ್ಕರೆಯ ತಲೆ: ರಾಲಿ. ಇಂಗ್ಲೆಂಡಿನದಲ್ಲ, ಬಂಗಾಳದ ಆಸನ್‌ಸೋಲಿನ ಸೆನ್-ರಾಲಿ ಕಾರ್ಖಾನೆಯದ್ದು. ನಾಟಿಂಗ್‌ಹ್ಯಾಮಿನ ಅಳತೆಗೇ ಮಾಡಿದ್ದರೆ ಅದರ ಬಿಬಿ ಕಪ್ಪು ನಡುಮನೆಯ ರಾಲಿಗೆ ಕೂರುತ್ತದೆ, ಕೂರದಿದ್ದರೆ ಸೈಕಲ್ಲಾದರೂ ಸಿಕ್ಕಿತು. ಚೈನನ್ನು ಪೂರ್ತಿ ಮುಚ್ಚುವ ತಗಡಿನ ಪೆಟ್ಟಿಗೆ ಇದ್ದಲ್ಲೇ ಇದೆ, ಒಳಗಿನ ಚೈನು ಇನ್ನೂ ಎಣ್ಣೆಯಲ್ಲಿದೆ ಎಂದು ಹುಡುಗಿ ಬೆರಳಿಟ್ಟು ನೋಡಿ ಬಂದಿದ್ದಾಳೆ.

ಗಿರಣಿಯವರು ನಾಲ್ಕು ಸಾವಿರ ಎನ್ನುತ್ತಾರೆ. ಫೋನಿನಲ್ಲಿ ಎರಡೂವರೆಗೆ ಕೇಳಿದೆ. ‘ಆ ಚೈನಿನ ತಗಡು ನನಗೆ ಬೇಕು ಅಮ್ಮಾ, ಮೋಟರಿನ ಬೆಲ್ಟಿಗೆ ಮುಚ್ಚಳ ಮಾಡ್ಕೋಬೇಕು. ಅದನ್ನ ಬಿಚ್ಚಿಟ್ಕೊಂಡು ಕೊಡೋದಾದ್ರೆ ಮೂರಕ್ಕೆ ಒಯ್ಯಿ’ ಎಂದರು. ತಗಡಿಲ್ಲದೆ ಬರುವುದಿಲ್ಲ, ತಗಡಿನ ಜೊತೆ ಮೂರು, ಬೆಲ್ಟಿಗೆ ಬೇರೆ ಮುಚ್ಚಳ ನಾನೇ ಮಾಡಿಸಿ ತರುತ್ತೇನೆ ಎಂದಿದ್ದೇನೆ. ಭಾನುವಾರ ಬನ್ನಿ, ನೋಡೋಣ ಅಂದಿದ್ದಾರೆ. ಸಾಬರ ಪಕ್ಕದ ಅಂಗಡಿಯ ತಗಡಿನ ಕೆಲಸದವರಿಗೆ ಅಳತೆ ಕೊಟ್ಟಾಗಿದೆ. ನಮ್ಮವರು ಅದರ ರಸೀದಿ ಕೇಳುತ್ತಿದ್ದಾರೆ.